ಕಾಲಯಂತ್ರ ಮೈಸೂರು ರಸ್ತೆಯಲ್ಲಿ ನಿಂತರೆ

ಪ್ರೇಮ್ ಬದುಕಿ ಉಳಿಯುವುದಿಲ್ಲ ಎಂಬುದು ಕಥೆ ಮುಗಿಯುವ ಬಹಳ ಮೊದಲೇ ನಮಗೆ ತಿಳಿದುಬಿಡುತ್ತದೆ. 1947ರ ಆಗಸ್ಟ್ ತಿಂಗಳು, ಪಂಜಾಬಿನ ಒಂದು ಹಳ್ಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದು ಮರಳಿ ಬಂದಿರುವ ಪ್ರೇಮ್ ಹಿಂದೂ ರೈತರ ಮನೆಯವನು. ಅವನು ಮದುವೆಯಾಗಲಿರುವ ಉಂಬ್ರೀನ್ ನೆರೆಯ ಮುಸ್ಲಿಂ ಮನೆಯ ಹುಡುಗಿ. ಮದುವೆಯ ಹೊತ್ತಿಗೆ ಸರಿಯಾಗಿ ದೇಶ ಒಡೆಯುವ ಗಡಿ ಅವರ ಜಮೀನಿನ ನಡುವೆಯೇ ಹಾದುಹೋಗುತ್ತದೆ. ಕರೆಯದೆ ಬಂದ ಅತಿಥಿಗಳಲ್ಲಿ ಯಾಸ್ಮಿನ್ ಖಾನ್ ಒಬ್ಬಳು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಪೊಲೀಸ್ ಕೆಲಸದಲ್ಲಿರುವ ಅವಳು ಉಂಬ್ರೀನಳ ಮೊಮ್ಮಗಳು. ಅಜ್ಜಿ ಜೋಪಾನ ಮಾಡಿಕೊಂಡು ಬಂದಿರುವ ಕೆಟ್ಟುನಿಂತ ಕೈಗಡಿಯಾರದ ಹಿಂದಿನ ಕಥೆ ತಿಳಿಯಬೇಕೆಂದು ಎಪ್ಪತ್ತು ವರ್ಷ ಹಿಂದಕ್ಕೆ ಬಂದವಳು. ತನ್ನ ಅಜ್ಜ ಪ್ರೇಮ್ ಅಲ್ಲ ಎಂದು ಅವಳಿಗೆ ಗೊತ್ತು. ಹಾಗಾದರೆ ಮದುವಣಿಗನ ಗತಿ ಏನಾಯಿತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ 'ಡೀಮನ್ಸ್ ಆಫ್ ದಿ ಪಂಜಾಬ್' ಎಂಬ ಕಂತು. ಬರೆದವರು ವಿನಯ್ ಪಟೇಲ್. ಪ್ರಸಾರವಾದದ್ದು 2018ರ ನವೆಂಬರ್ 11ರಂದು, ಮೊದಲ ಮಹಾಯುದ್ಧ ನಿಂತು ಸರಿಯಾಗಿ ನೂರು ವರ್ಷ ತುಂಬಿದ ದಿನ. ಇಡೀ ಬ್ರಿಟನ್ ತನ್ನ ಸೈನಿಕರನ್ನು ನೆನೆಯುತ್ತಿದ್ದ ಆ ಸಂಜೆ, ಬ್ರಿಟನ್ನಿಗಾಗಿ ಕಾದಾಡಿ ಮನೆಗೆ ಮರಳಿದವನೊಬ್ಬ ತನ್ನ ಅಂಗಳದಲ್ಲೇ ಗುಂಡಿಗೆ ಬಲಿಯಾಗುವ ಕಥೆಯನ್ನು ಅಲ್ಲಿನ ಮನೆಗಳಿಗೆ ಮುಟ್ಟಿಸಿದರು. ದೇಶ ವಿಭಜನೆಯನ್ನು ಯುದ್ಧವೆನ್ನಬಹುದೇ ಎಂದು ಯಾರಾದರೂ ಕೇಳಬಹುದು. ಯಾರೂ ಯಾರ ಮೇಲೂ ಯುದ್ಧ ಸಾರಿರಲಿಲ್ಲ, ನಿಜ. ಆದರೆ ಒಂದು ಕೋಟಿಗೂ ಹೆಚ್ಚು ಜನ ನೆಲೆ ಕಳೆದುಕೊಂಡರು, ಲಕ್ಷಗಟ್ಟಲೆ ಜನ ಸತ್ತರು. ಭಾರತವನ್ನೇ ನೋಡಿರದಿದ್ದ ವಕೀಲ ರಾಡ್‌ಕ್ಲಿಫ್ ಜುಲೈಯಲ್ಲಿ ಬಂದಿಳಿದು ಐದು ವಾರಗಳಲ್ಲಿ ಎಳೆದ ಗೆರೆ ಹೊರಬಿದ್ದದ್ದು ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಸಾಯುವವನ ಕಡೆಯಿಂದ ನೋಡಿದರೆ ಇದನ್ನು ಯುದ್ಧವಲ್ಲವೆನ್ನಲು ಕಾರಣವೇ ಸಿಗುವುದಿಲ್ಲ.

ಈ ಕಂತಿನಲ್ಲಿ ಅನ್ಯಗ್ರಹದ ಇಬ್ಬರು ಜೀವಿಗಳಿದ್ದಾರೆ. ನೋಡಲು ಭಯಂಕರ. ಹಳ್ಳಿಯ ಸಾಧುವನ್ನು ಕೊಂದವರು ಅವರೇ ಎಂದು ಎಲ್ಲರೂ ನಂಬುತ್ತಾರೆ, ಕಾಲಯಾನದ ನಾಯಕಿ ಡಾಕ್ಟರ್ ಕೂಡ. ಕೊಂದವನು ಪ್ರೇಮ್‌ನ ಸ್ವಂತ ತಮ್ಮ ಮನೀಷ್ ಎಂದು ಆಮೇಲೆ ತಿಳಿಯುತ್ತದೆ. ಆ ಅನ್ಯಲೋಕದವರು ಒಂದು ಕಾಲದಲ್ಲಿ ಹಂತಕರೇ ಆಗಿದ್ದವರು. ಅವರ ಗ್ರಹವೇ ನಾಶವಾಯಿತು. ತಮ್ಮವರು ಸತ್ತಾಗ ನೋಡುವವರು ಒಬ್ಬರೂ ಇರಲಿಲ್ಲವೆಂಬ ಸಂಕಟ ಅವರ ಕಸುಬನ್ನೇ ಬದಲಿಸಿತು. ಈಗ ಕಾಲದ ಉದ್ದಕ್ಕೂ ಓಡಾಡಿ, ಯಾರೂ ಇಲ್ಲದೆ, ಯಾರ ನೆನಪಿಗೂ ಬಾರದೆ ಸಾಯುವವರ ಬಳಿ ನಿಲ್ಲುತ್ತಾರೆ. ತಡೆಯುವುದಿಲ್ಲ, ಬದುಕಿಸುವುದಿಲ್ಲ. ಸತ್ತವರನ್ನು ನೆನಪಿನಲ್ಲಿ ಹೊತ್ತುಕೊಂಡು ಮುಂದಿನ ಸಾವಿನ ಕಡೆಗೆ ನಡೆಯುತ್ತಾರೆ.

ಯುದ್ಧಕಾಲಕ್ಕೆ ಹಿಂತಿರುಗುವ ಕಥೆಗೆ ಇದಕ್ಕಿಂತ ಸರಿಯಾದ ಕೆಲಸವಿಲ್ಲ ಎಂದು ನಾನು ನಂಬಿದ್ದೇನೆ. ಯುದ್ಧದ ಫಲಿತಾಂಶ ತಿದ್ದಲು ಹೊರಡುವ ಕಾಲಯಾನ ನಮ್ಮನ್ನು ಮತ್ತೆ ಸೇನಾಪತಿಯ ಡೇರೆಗೇ ಕರೆದೊಯ್ಯುತ್ತದೆ. ಅಲ್ಲಿ ಜನ ಲೆಕ್ಕದ ಅಂಕಿಗಳಾಗಿರುತ್ತಾರೆ. ತಿದ್ದುವ ಶಕ್ತಿಯನ್ನು ಪ್ರಯಾಣಿಕನ ಕೈಯಿಂದ ಕಸಿದುಕೊಂಡಾಗ ಮಾತ್ರ ಅವನ ಕಣ್ಣು ಮನುಷ್ಯರ ಮೇಲೆ ಬೀಳುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಪ್ರಸಿದ್ಧ ಕಂತೊಂದಿದೆ. 1967ರ ಏಪ್ರಿಲ್ 6ರಂದು ಬಂದ 'ಸ್ಟಾರ್ ಟ್ರೆಕ್'ನ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್'. ಹಾರ್ಲನ್ ಎಲಿಸನ್ ಹೆಸರಿನಲ್ಲಿರುವ ಈ ಕಥೆಯನ್ನು ಆ ಧಾರಾವಾಹಿಯ ಶಿಖರವೆಂದೇ ಬಹಳ ಮಂದಿ ಎಣಿಸುತ್ತಾರೆ. 1930ರ ನ್ಯೂಯಾರ್ಕ್‌ನಲ್ಲಿ ಹಸಿದವರಿಗೆ ಗಂಜಿ ಹಾಕುವ ಈಡಿತ್ ಕೀಲರ್ ಎಂಬ ಹೆಂಗಸು ಬದುಕಿದರೆ, ಅವಳ ಶಾಂತಿ ಚಳವಳಿಯಿಂದ ಅಮೆರಿಕ ತಡವಾಗಿ ಯುದ್ಧಕ್ಕಿಳಿಯುತ್ತದೆ, ಅಣುಬಾಂಬು ಮೊದಲು ಜರ್ಮನಿಯ ಕೈಸೇರುತ್ತದೆ, ಹಿಟ್ಲರ್ ಗೆಲ್ಲುತ್ತಾನೆ. ಆದ್ದರಿಂದ ಅವಳು ಲಾರಿಯಡಿ ಸಿಕ್ಕಿ ಸಾಯಲೇಬೇಕು. ಅವಳನ್ನು ಪ್ರೀತಿಸಿದ ಕ್ಯಾಪ್ಟನ್ ಕರ್ಕ್, ಅವಳನ್ನು ಉಳಿಸಲು ನುಗ್ಗಿದ ಗೆಳೆಯನನ್ನು ಹಿಡಿದು ನಿಲ್ಲಿಸುತ್ತಾನೆ. ನೋಡಿದವರ ಎದೆ ಒಡೆಯುವ ದೃಶ್ಯ ಅದು. ಆದರೂ ಆ ಕಥೆಯ ತರ್ಕವನ್ನು ನಾನು ಒಪ್ಪಲಾರೆ. ವಿಯೆಟ್ನಾಮಿನಲ್ಲಿ ಬಾಂಬು ಬೀಳುತ್ತಿದ್ದ ವರ್ಷದಲ್ಲಿ, ಶಾಂತಿ ಬಯಸಿದವಳ ಸಾವೇ ಲೋಕದ ಉಳಿವಿಗೆ ದಾರಿ ಎಂದು ಲೆಕ್ಕ ಹಾಕಿ ತೋರಿಸಿತು ಅದು. ಅಲ್ಲಿ ಈಡಿತ್ ತಕ್ಕಡಿಯ ಒಂದು ತಟ್ಟೆಯಲ್ಲಿದ್ದಾಳೆ, ಇನ್ನೊಂದರಲ್ಲಿ ಕೋಟಿ ಜನ. ಯುದ್ಧ ನಡೆಸುವವರು ಎಂದಿನಿಂದಲೂ ಬಳಸುತ್ತಿರುವ ತಕ್ಕಡಿಯೇ ಇದು.

ಅದಕ್ಕೂ ಮೊದಲು, 1961ರ ಡಿಸೆಂಬರಿನಲ್ಲಿ, ರಾಡ್ ಸರ್ಲಿಂಗ್ 'ಟ್ವಿಲೈಟ್ ಝೋನ್'ಗಾಗಿ ಬರೆದ 'ಎ ಕ್ವಾಲಿಟಿ ಆಫ್ ಮರ್ಸಿ' ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. 1945ರ ಆಗಸ್ಟ್ 6, ಫಿಲಿಪ್ಪೀನ್ಸ್. ಗುಹೆಯಲ್ಲಿ ಅಡಗಿ ನರಳುತ್ತಿರುವ ಗಾಯಾಳು ಜಪಾನಿಗಳನ್ನು ಮುಗಿಸಿಬಿಡಲು ತವಕಿಸುವ ಅಮೆರಿಕನ್ ಲೆಫ್ಟಿನೆಂಟ್ ಇದ್ದಕ್ಕಿದ್ದಂತೆ 1942ಕ್ಕೆ ಜಾರುತ್ತಾನೆ, ಅದೂ ಜಪಾನಿ ಅಧಿಕಾರಿಯ ಮೈಯಲ್ಲಿ. ಈಗ ಗುಹೆಯೊಳಗಿರುವವರು ಅಮೆರಿಕನ್ನರು. ಸರ್ಲಿಂಗ್ ಸ್ವತಃ ಫಿಲಿಪ್ಪೀನ್ಸಿನ ಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು. ಇಲ್ಲಿ ಕಾಲಯಾನದಿಂದ ಇತಿಹಾಸದ ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ಒಬ್ಬನು ನಿಂತು ನೋಡುವ ಜಾಗ.

ಇನ್ನು ನಮ್ಮ ಕಡೆಗೆ ಬರೋಣ. ಕಾಲಯಂತ್ರ ಸಿಕ್ಕರೆ ಎಲ್ಲಿಗೆ ಹೋಗುತ್ತೀರಿ ಎಂದು ಬೆಂಗಳೂರಿನ ರಾಜರಾಜೇಶ್ವರಿನಗರದ ಯಾವುದಾದರೂ ಪಾರ್ಕಿನಲ್ಲಿ ಹುಡುಗರನ್ನು ಕೇಳಿ ನೋಡಿ. ಒಬ್ಬ 1565ರ ಜನವರಿಗೆ ಹೋಗಿ ಅಳಿಯ ರಾಮರಾಯನಿಗೆ ಎಚ್ಚರಿಕೆ ಕೊಡುತ್ತೇನೆನ್ನುತ್ತಾನೆ. ಇನ್ನೊಬ್ಬ 1799ರ ಶ್ರೀರಂಗಪಟ್ಟಣದ ಕೋಟೆಯ ಒಡಕು ಮುಚ್ಚುತ್ತೇನೆನ್ನುತ್ತಾನೆ, ಮಗದೊಬ್ಬ ಅದೇ ಒಡಕನ್ನು ಇನ್ನಷ್ಟು ಅಗಲ ಮಾಡುತ್ತೇನೆನ್ನುತ್ತಾನೆ. ಮೂವರಿಗೂ ಬೇಕಾಗಿರುವುದು ರಾಜರ ಡೇರೆಯೊಳಗೊಂದು ಜಾಗ. ಹುಡುಗರ ತಪ್ಪಲ್ಲ ಇದು. ಭಾಷಣ, ಸಿನಿಮಾ, ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳೆಲ್ಲ ಇತಿಹಾಸವನ್ನು ಇನ್ನೂ ಮುಗಿಯದ ಪಂದ್ಯದಂತೆ ಅವರ ಮುಂದಿಡುತ್ತಿವೆ.

ತಿದ್ದಲಾಗದೆ ಬರೀ ನೋಡುವ ಕಾಲಯಾನದ ಕಥೆಯನ್ನು ಯಂತ್ರವಿಲ್ಲದೆ, ಹೆಚ್ಚು ಚೆನ್ನಾಗಿ ಮಾಡಿ ತೋರಿಸಿದವರು ನಮ್ಮಲ್ಲಿದ್ದಾರೆ. ಗಿರೀಶ ಕಾರ್ನಾಡರು ತಮ್ಮ ಕೊನೆಯ ವರ್ಷಗಳಲ್ಲಿ ವಿಜಯನಗರದ ಪತನದ ಬಗ್ಗೆ 'ರಾಕ್ಷಸ-ತಂಗಡಿ' ಬರೆದರು. ಆ ನಾಟಕ ನೋಡಲು ಕೂತ ಪ್ರತಿಯೊಬ್ಬನಿಗೂ ರಾಮರಾಯನ ತಲೆ ಉರುಳುವುದು ಮುಂಚೆಯೇ ಗೊತ್ತು. ಕೂಗಿ ಹೇಳಲು ಮಾತ್ರ ಆಗುವುದಿಲ್ಲ. ಆ ಅಸಹಾಯಕತೆಯಲ್ಲಿ ನಮ್ಮ ಕಿವಿ ಚುರುಕಾಗುತ್ತದೆ. ಯಾರು ಯಾಕೆ ಸುಳ್ಳು ಹೇಳಿದರು, ಯಾರ ಅಹಂಕಾರ ಯಾರ ಮನೆಗೆ ಬೆಂಕಿಯಿಟ್ಟಿತು ಎಂಬುದೆಲ್ಲ ಕೇಳಿಸತೊಡಗುತ್ತದೆ. ರಂಗಭೂಮಿಯ ಪ್ರೇಕ್ಷಕನೇ ಹಳೆಯ ಕಾಲದ ನಿಜವಾದ ಕಾಲಯಾತ್ರಿ.

ಯಂತ್ರ ನಮ್ಮ ಬಡಾವಣೆಯ ಬಾಗಿಲಲ್ಲೇ, ಮೈಸೂರು ರಸ್ತೆಯ ಆರ್.ಆರ್. ನಗರದ ಆರ್ಚ್ ಮುಂದೆ, 1791ರ ಮೇ ತಿಂಗಳಲ್ಲಿ ನಿಲ್ಲಲಿ ಎಂದುಕೊಳ್ಳೋಣ. ಮೇಲೆ ಮೆಟ್ರೊ ಇಲ್ಲ. ಬಿಇಎಂಎಲ್ ಬಡಾವಣೆಯಿಲ್ಲ, ಐಡಿಯಲ್ ಹೋಮ್ಸ್ ಇಲ್ಲ. ವೃಷಭಾವತಿ ಇನ್ನೂ ನದಿ. ಎರಡು ತಿಂಗಳ ಹಿಂದೆ, ಮಾರ್ಚ್ 7ರಂದು ಬೆಂಗಳೂರು ಪೇಟೆ, 21ರ ರಾತ್ರಿ ಕೋಟೆ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿವೆ. ಅವನ ಮುಂದಿನ ಗುರಿ ಶ್ರೀರಂಗಪಟ್ಟಣ. ಅವನ ಸೈನ್ಯಕ್ಕೆ ಒಂದು ಹಿಡಿ ಮೇವೂ ಸಿಗಬಾರದೆಂದು ಟಿಪ್ಪು ಸುಲ್ತಾನ ದಾರಿಯ ಊರುಗಳ ಧಾನ್ಯ, ಹುಲ್ಲು ಎಲ್ಲವನ್ನೂ ಸುಡಿಸುತ್ತಿದ್ದಾನೆ. ಹೀಗೆ ಹಾಳಾದ ನೇರ ದಾರಿಯನ್ನು ಬಿಟ್ಟು ಕಾರ್ನ್‌ವಾಲಿಸ್ ಕನಕಪುರದ ಕಡೆಯ ದಾರಿ ಹಿಡಿಯುತ್ತಾನೆ. ಅಲ್ಲೂ ಅದೇ ಪಾಡು. ಎತ್ತುಗಳು ಸಾಯುತ್ತವೆ. ಅರಕೆರೆಯ ಬಳಿ ಗೆದ್ದೂ ಮುಂದೆ ಹೋಗಲಾರದೆ, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂತಿರುಗುತ್ತಾನೆ.

ಯುದ್ಧಶಾಸ್ತ್ರದ ಪುಸ್ತಕಗಳು ಟಿಪ್ಪುವಿನ ಈ ನಡೆಯನ್ನು ಜಾಣತನವೆನ್ನುತ್ತವೆ, ಹೌದು ಕೂಡ. ಆದರೆ ಆರ್ಚ್ ಬಳಿ ಇಳಿದ ನಿಮಗೆ ಟಿಪ್ಪುವೂ ಕಾಣುವುದಿಲ್ಲ, ಕಾರ್ನ್‌ವಾಲಿಸನೂ ಕಾಣುವುದಿಲ್ಲ. ಕಾಣುವುದು ಹಗೇವಿನ ರಾಗಿಯನ್ನು ಕಳೆದುಕೊಂಡ ಒಂದು ಸಂಸಾರ. ಸುಟ್ಟವರು ತಮ್ಮ ರಾಜನ ಕಡೆಯವರು, ಸುಡದಿದ್ದರೆ ದೋಚುತ್ತಿದ್ದವರು ಇನ್ನೊಬ್ಬರು. ಮಳೆಗಾಲ ಎದುರಿಗಿದೆ, ಬಿತ್ತನೆಗೆ ಬೀಜವಿಲ್ಲ. ಒಂಬತ್ತು ವರ್ಷಗಳ ಮೇಲೆ, 1800ರ ಮೇ ತಿಂಗಳಲ್ಲಿ, ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಇದೇ ದಿಕ್ಕಿನಲ್ಲಿ ಪ್ರಯಾಣ ಮಾಡಿ, ಹಾಳುಬಿದ್ದ ಊರುಗಳನ್ನೂ ಬೀಳುಬಿದ್ದ ಹೊಲಗಳನ್ನೂ ಬರೆದಿಟ್ಟ. ಅವನ ಪುಸ್ತಕದಲ್ಲಿ ಬೆಳೆಯ ಲೆಕ್ಕ ಬಹಳ ವಿವರವಾಗಿದೆ. ಹೋದ ಜನರ ಹೆಸರುಗಳಿಲ್ಲ. ನಾವು ದಿನವೂ ಟ್ರಾಫಿಕ್ಕಿನಲ್ಲಿ ನಿಲ್ಲುವ ಈ ರಸ್ತೆಯ ದೊಡ್ಡ ಯುದ್ಧಕಥೆ ನನ್ನ ಮಟ್ಟಿಗೆ ಆ ಸಂಸಾರದ ಕಥೆ. ಅದನ್ನು ಹೇಳುವ ಒಂದು ಕಂತು ಕನ್ನಡದ ಯಾವ ಚಾನೆಲ್ಲಿನಲ್ಲಾದರೂ ಬಂದರೆ ಎಲ್ಲ ಕೆಲಸ ಬಿಟ್ಟು ಕೂತು ನೋಡುತ್ತೇನೆ.

ಬೆಂಗಳೂರು ಕೋಟೆಯಲ್ಲಿ ಸತ್ತವರ ಗತಿಯನ್ನೂ ನೋಡಿ. ಕಿಲ್ಲೇದಾರ ಬಹದ್ದೂರ್ ಖಾನ್ ವಯಸ್ಸಾದವನು. ಗೋಡೆಯ ಒಡಕಿನಲ್ಲೇ ಹೋರಾಡುತ್ತ ಬಿದ್ದ. ಅವನ ಶೌರ್ಯವನ್ನು ಎದುರಾಳಿಗಳೇ ಮೆಚ್ಚಿ ಬರೆದರು. ಅವನ ಹೆಸರು ಉಳಿಯಿತು. ಅವನ ಸುತ್ತ ಸತ್ತ ಮೈಸೂರಿನ ಸಿಪಾಯಿಗಳ ಹೆಸರು ಉಳಿಯಲಿಲ್ಲ. ಕಂಪನಿಯ ಕಡೆಯಿಂದ ಸತ್ತ ಮದ್ರಾಸಿನ, ಬಂಗಾಳದ ಸಿಪಾಯಿಗಳದ್ದೂ ಇಲ್ಲ. ಕೋಟೆಯ ಬಳಿಯ ಕಲ್ಲೊಂದು ಬ್ರಿಟಿಷರು ಇಲ್ಲಿಂದ ನುಗ್ಗಿದರು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ, ಅಷ್ಟೆ. ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಒಂದು ಎತ್ತರದ ಸ್ಮಾರಕಸ್ತಂಭವಿತ್ತು. ಇಂದಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಎಂದೇ ಹೆಸರು. 1964ರಲ್ಲಿ ಸ್ತಂಭವನ್ನು ಕೆಡವಿದರು. ಪಾಲಿಕೆಯ ಮುಂದೆ ಈಗ ಕೆಂಪೇಗೌಡರ ಪ್ರತಿಮೆ ನಿಂತಿದೆ. ಆಳಿದವರ ಸ್ತಂಭವನ್ನು ಸ್ವತಂತ್ರ ದೇಶ ತೆಗೆದುಹಾಕಿದ್ದು ನನಗೆ ಅರ್ಥವಾಗುತ್ತದೆ. ಕೆಡವಿದ ಮೇಲೆ, ಅದೇ ರಾತ್ರಿ ಸತ್ತ ನಮ್ಮವರಿಗೆಂದು ಒಂದು ಮೊಳದ ಕಲ್ಲನ್ನಾದರೂ ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸದೇ ಹೋದದ್ದು ಮಾತ್ರ ಅರ್ಥವಾಗುವುದಿಲ್ಲ. ತಿದ್ದುವ ಕೆಲಸ ಮುಗಿದಿತ್ತು, ನೆನೆಯುವ ಕೆಲಸ ಶುರುವೇ ಆಗಿರಲಿಲ್ಲ.

ಇದು ಕನ್ನಡ ನಾಡಿಗೆ ಒಗ್ಗುವ ಮರೆವಲ್ಲ. ಸಾಮಾನ್ಯನೊಬ್ಬ ಸತ್ತರೆ ಕಲ್ಲು ನೆಡುವುದು ಇಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ರೂಢಿ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸಿಕೊಳ್ಳುವುದೇ ಅಂಥ ಒಂದು ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಆ ಶಾಸನ ಹೇಳುವುದು ಇಷ್ಟೇ: ಗಂಗರ ಅಧಿಕಾರಿ ನಾಗತ್ತರನ ಮನೆಯ ಆಳು ಬುಟ್ಟನಶೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತ. ಒಂದು ಕೋಟಿಗೂ ಮಿಕ್ಕಿದ ಜನರ ಈ ನಗರದ ಹೆಸರು ಇತಿಹಾಸದೊಳಕ್ಕೆ ಬಂದದ್ದು ಯುದ್ಧದಲ್ಲಿ ಮಡಿದ ಒಬ್ಬ ಸೇವಕನ ಕೈಹಿಡಿದು. ಮೈಸೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮದ್ದೂರು ತಾಲ್ಲೂಕಿನ ಆತಕೂರು. ಅಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ ಕಲ್ಲಿನ ಮೇಲೆ, ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ 949ರ ಮಹಾಯುದ್ಧದ ಸುದ್ದಿಯಿದೆ. ಆದರೆ ಕಲ್ಲು ನಿಂತಿರುವುದು ಕಾಳಿ ಎಂಬ ಬೇಟೆನಾಯಿಗಾಗಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ತನ್ನ ಒಡೆಯ ಬೂತುಗನಲ್ಲಿ ಬೇಡಿ ಪಡೆದದ್ದು ಆ ನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಜೊತೆ ಸೆಣಸಿ, ಎರಡೂ ಸತ್ತವು. ಸಾಮ್ರಾಜ್ಯಗಳ ಯುದ್ಧವೂ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಜೊತೆಯಾಗಿ ಕೂರಬಲ್ಲವೆಂದು ನಂಬಿದ ಜನ ನಾವು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಶಿವಸಾನ್ನಿಧ್ಯ. ಮೂರು ಕಾಲಗಳನ್ನು ಒಂದರ ಮೇಲೊಂದು ಜೋಡಿಸಿದ ಕೆತ್ತನೆ. ನನಗೆ ಇದರ ಮೇಲೆ ಅಪಾರ ಗೌರವವಿದೆ, ಹಾಗೆಂದು ಕಣ್ಣು ಮುಚ್ಚಿ ಹೊಗಳಲಾರೆ. ನಡುವಿನ ಪಟ್ಟಿ ಸಾವಿಗೆ ಸಿಹಿ ಸವರುತ್ತದೆ. ಇನ್ನೊಬ್ಬ ಹುಡುಗನನ್ನು ಯುದ್ಧಕ್ಕೆ ಕಳಿಸಲು ಅದು ಸಾಕಷ್ಟು ನೆರವಾಗಿರಲೂಬೇಕು. ಪಂಜಾಬಿನ ಪ್ರೇಮ್‌ಗೆ ಅಪ್ಸರೆಯರು ಬರುವುದಿಲ್ಲ, ವಿಕಾರ ಮುಖದ ಇಬ್ಬರು ಅಪರಿಚಿತರು ಬರುತ್ತಾರೆ, ತಲೆಬಾಗಿ ನಿಲ್ಲುತ್ತಾರೆ. ಹೀಗಾಗಿ ಅವನ ಸಾವು ಸಾವಾಗಿಯೇ ಉಳಿಯುತ್ತದೆ.

ಮಾಸ್ತಿಕಲ್ಲುಗಳ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಬಳೆ ತೊಟ್ಟು ಮೇಲೆತ್ತಿದ ಆ ತೋಳು ಬೆಂಗಳೂರಿನ ಹಳೆಯ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತದೆ. ಗಂಡನೊಂದಿಗೆ ಬೆಂಕಿಗೆ ಹೋದ ಹೆಂಗಸಿಗೆ ಕಲ್ಲು ಸಿಕ್ಕಿತು. ಬದುಕಿದವಳಿಗೆ, ಮಕ್ಕಳನ್ನು ಸಾಕಿದವಳಿಗೆ, ಸುಟ್ಟ ಹಗೇವಿನ ಪಕ್ಕದಲ್ಲಿ ಮತ್ತೆ ರಾಗಿ ಬಿತ್ತಿದವಳಿಗೆ ಸಿಗಲಿಲ್ಲ. ಉಂಬ್ರೀನ್ ಬದುಕುತ್ತಾಳೆ. ತಾಯಿಯ ಕೈಹಿಡಿದು ಓಡಿ, ಕಡೆಗೆ ಇಂಗ್ಲೆಂಡಿಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿದು, ಮತ್ತೊಂದು ಸಂಸಾರ ಕಟ್ಟುತ್ತಾಳೆ. ಆ ಕಂತು ಶುರುವಾಗುವುದೂ ಮುಗಿಯುವುದೂ ಈ ಮುದುಕಿಯೊಂದಿಗೆ. ಸಾವಿಗೆ ಸಾಕ್ಷಿಯಾದಷ್ಟೇ ಶ್ರದ್ಧೆಯಿಂದ ಬದುಕಿಗೂ ಸಾಕ್ಷಿಯಾದದ್ದು ಅದರ ದೊಡ್ಡತನ.

ಕೊರತೆಯೂ ಇದೆ. ಪ್ರೇಮ್‌ನನ್ನು ಯಾಕೆ ಉಳಿಸಬಾರದು ಎಂಬುದಕ್ಕೆ ಕಥೆ ಕೊಡುವ ಕಾರಣ, ಅವನು ಬದುಕಿದರೆ ಯಾಸ್ಮಿನ್ ಹುಟ್ಟುವುದೇ ಇಲ್ಲ ಎಂಬುದು. ತರ್ಕ ಸರಿ, ನೀತಿ ಬಡವಾಯಿತು. ನನ್ನ ಹುಟ್ಟಿಗಾಗಿ ಇನ್ನೊಬ್ಬ ಸಾಯಲಿ ಎನ್ನುವುದು ಮತ್ತದೇ ತಕ್ಕಡಿ. ಹಿಂದಿನದನ್ನು ಮುಟ್ಟಲಾಗದು ಎಂಬ ಸರಳ ಸತ್ಯವೇ ಸಾಕಾಗಿತ್ತು. ಬ್ರಿಟಿಷ್ ಆಡಳಿತದ ಹೊಣೆಯನ್ನೂ ಆ ಕಂತು ಬೇಗಬೇಗನೆ ಮುಟ್ಟಿ ದಾಟುತ್ತದೆ. ಅಣ್ಣತಮ್ಮಂದಿರ ದ್ವೇಷಕ್ಕೆ ಕೊಟ್ಟಷ್ಟು ಜಾಗವನ್ನು ಗೆರೆ ಎಳೆದವರಿಗೆ ಕೊಡಲಿಲ್ಲ.

ಬರೀ ನೋಡುತ್ತ ನಿಲ್ಲುವುದು ಹೇಡಿತನವಲ್ಲವೇ ಎಂಬ ಪ್ರಶ್ನೆ ಸಣ್ಣದಲ್ಲ. ಇಂದು, ಈ ಹೊತ್ತು ನಡೆಯುತ್ತಿರುವ ಯುದ್ಧದ ಮುಂದೆ ಹಾಗೆ ನಿಂತರೆ ಖಂಡಿತ ಹೇಡಿತನ. ಫೋನಿನಲ್ಲಿ ಬಾಂಬು ಬೀಳುವುದನ್ನು ನೋಡಿ ಬೆರಳಲ್ಲಿ ಮೇಲಕ್ಕೆ ತಳ್ಳುವವರು ಸಾಕ್ಷಿಗಳಲ್ಲ. ತಡೆಯಲು ಸಾಧ್ಯವಿದ್ದಾಗ ತಡೆಯುವುದೇ ಧರ್ಮ. ಕೈಮೀರಿ ಹೋದದ್ದರ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು. ವಿಚಿತ್ರವೆಂದರೆ ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಇಂದಿನ ಯುದ್ಧಗಳನ್ನು ಸುಮ್ಮನೆ ನೋಡುತ್ತೇವೆ, ಇನ್ನೂರು, ಐನೂರು ವರ್ಷ ಹಿಂದಿನ ಯುದ್ಧಗಳಿಗೆ ತೋಳೇರಿಸುತ್ತೇವೆ. ಮನೀಷ್ ಅಣ್ಣನನ್ನು ಕೊಲ್ಲಿಸಿದ್ದು ಇಂಥದೇ ಗೊಂದಲದಲ್ಲಿ. ಯಾರೋ ಹಂಚಿದ ಕರಪತ್ರ ಓದಿ, ರೇಡಿಯೊ ಕೇಳಿ, ಇತಿಹಾಸದ ಲೆಕ್ಕ ಚುಕ್ತಾ ಮಾಡಲು ಹೊರಟವನಿಗೆ ಎದುರಿಗೆ ನಿಂತ ಅಣ್ಣ ಕಾಣಲಿಲ್ಲ.

ಮಾಡಬಹುದಾದ ಕೆಲಸ ನಮ್ಮ ಕೈಯಳತೆಯಲ್ಲೇ ಇದೆ. ಬಿ.ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆಮೇಲೆ ಊರು ಬೆಳೆದಂತೆ ಅವುಗಳಲ್ಲಿ ಎಷ್ಟೋ ಪಾಯದ ಕಲ್ಲಾದವು, ಚರಂಡಿಯ ಹಾಸಾದವು. 2021ರಿಂದ ಮಿಥಿಕ್ ಸೊಸೈಟಿಯ ತಂಡವೊಂದು ಉಳಿದ ಕಲ್ಲುಗಳನ್ನು ಹುಡುಕಿ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಪಟ್ಟಣಗೆರೆ, ಹಲಗೇವಡೇರಹಳ್ಳಿ, ಕೆಂಚೇನಹಳ್ಳಿ, ಚನ್ನಸಂದ್ರ, ಹೀಗೆ ನಮ್ಮ ಬಡಾವಣೆಗಳ ಹೊಟ್ಟೆಯೊಳಗೆ ಇನ್ನೂ ಹಳ್ಳಿಗಳಿವೆ. ಅಲ್ಲಿ ಪಾಯ ತೋಡುವಾಗ ಕೆತ್ತನೆಯ ಕಲ್ಲು ಸಿಕ್ಕರೆ, ಜೆಸಿಬಿಯವನಿಗೆ ಒಂದು ಗಂಟೆ ನಿಲ್ಲಲು ಹೇಳಿ ಫೋಟೊ ತೆಗೆದು ತಿಳಿದವರಿಗೆ ಕಳಿಸುವುದು ಮನೆ ಕಟ್ಟಿಸುವವರಿಗೆ ಹೊರೆಯೇನಲ್ಲ.

ಶಾಲೆಗಳಿಗೂ ಒಂದು ಮಾತು. ರಾಜರಾಜೇಶ್ವರಿನಗರ ಸ್ಟೇಷನ್ನಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಎದುರಿಗೇ ಕೋಟೆ. ಎಂಟನೇ ತರಗತಿಯ ಮಕ್ಕಳನ್ನು ಮಾರ್ಚ್ 21ರಂದು ಅಲ್ಲಿಗೆ ಕರೆದುಕೊಂಡು ಹೋಗಿ. ಇಂಗ್ಲಿಷಿನ ಆ ಕಲ್ಲಿನ ಮುಂದೆ ನಿಲ್ಲಿಸಿ, ಇದರ ಪಕ್ಕದಲ್ಲಿ ಇರಬೇಕಾಗಿದ್ದ ಇನ್ನೊಂದು ಕಲ್ಲಿನ ಬರಹವನ್ನು ಕನ್ನಡದಲ್ಲಿ ಬರೆಯಲು ಹೇಳಿ. ಬಹದ್ದೂರ್ ಖಾನನ ಹೆಸರು ಅವರಿಗೆ ಸಿಗುತ್ತದೆ. ಮೈಸೂರಿನ ಸಿಪಾಯಿಗೆ, ಮದ್ರಾಸಿನ ಸಿಪಾಯಿಗೆ, ಪೇಟೆಯಲ್ಲಿ ಅಂಗಡಿ ಬಿಟ್ಟು ಓಡಿದವನಿಗೆ, ಮೈಸೂರು ರಸ್ತೆಯ ಬದಿಯಲ್ಲಿ ರಾಗಿ ಕಳೆದುಕೊಂಡವಳಿಗೆ ಹೆಸರು ಸಿಗುವುದಿಲ್ಲ. ಅವರ ಸಾಲುಗಳನ್ನು ಹೇಗೆ ಬರೆಯಬೇಕು ಎಂಬುದನ್ನು ಮಕ್ಕಳೇ ಕೂತು ಚರ್ಚಿಸಲಿ. ಆ ಚರ್ಚೆ ಮ್ಯಾಪಿನ ಮೇಲೆ ಬಾಣದ ಗುರುತು ಹಾಕಿ ಕಲಿಸುವ ಮೂರನೇ ಆಂಗ್ಲೋ-ಮೈಸೂರು ಯುದ್ಧದ ಪಾಠಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹಿಡಿಯಲಿ.